ಚಿಕ್ಕಮಗಳೂರಿನ ಅಂಚಿನ ಬಡಾವಣೆಗಳಲ್ಲಿ ಈ ಚೈತ್ರ: ಕಂಡದ್ದು, ಕೇಳಿದ್ದು

ಕೈಮರ ರಸ್ತೆಯ ನಿವಾಸಿ (ಚರ್ಚೆ ಆರಂಭಿಸಿದವರು)

ಯುಗಾದಿಯ ಆಸುಪಾಸಿನಲ್ಲಿ ಚಿಕ್ಕಮಗಳೂರಿನ ಯಾವ ಮೂಲೆಯಲ್ಲಿ ನಿಂತಿದ್ದೇವೆ ಎಂಬುದನ್ನು ಕಿವಿಯಿಂದಲೇ ಹೇಳಿಬಿಡಬಹುದು ಎಂಬುದು ನನ್ನ ವಾದ. ಊರು ಕೂತಿರುವ ಜಾಗವೇ ಅಂಥದ್ದು. ಒಂದು ಕಡೆ ಬಾಬಾಬುಡನ್‌ಗಿರಿ ಶ್ರೇಣಿಯ ಇಳಿಜಾರು ಮತ್ತು ಕಾಫಿ ತೋಟಗಳು ಬಡಾವಣೆಯ ಬೇಲಿಯವರೆಗೂ ಬಂದು ನಿಂತಿವೆ. ಇನ್ನೊಂದು ಕಡೆ, ಸುಮಾರು 40 ಕಿಲೋಮೀಟರು ದೂರದ ಕಡೂರಿನತ್ತ ಹೊರಟರೆ, ಅರ್ಧ ದಾರಿ ಕಳೆಯುವಷ್ಟರಲ್ಲಿ ಮಲೆನಾಡು ಹಿಂದೆ ಸರಿದು ತೆಂಗಿನ ತೋಟ, ರಾಗಿ ಹೊಲ, ಜಾಲಿ ಮರಗಳ ಬಯಲುಸೀಮೆ ಶುರುವಾಗುತ್ತದೆ. ಈ ಎರಡೂ ಸೀಮೆಗಳ ಜೀವಿಗಳು ನಮ್ಮ ಹೊಸ ಬಡಾವಣೆಗಳಲ್ಲಿ ಒಂದಕ್ಕೊಂದು ಎದುರಾಗುತ್ತವೆ.

ನಮ್ಮ ಕಡೆ ಬೆಳಗಿನ ಜಾವ ಮೊದಲು ಕೇಳುವುದು ತೋಟದಂಚಿನ ಕಾಡುಕೋಳಿಯ ಕೂಗು. ಬೆಳಕು ಹರಿದ ಮೇಲೆ ಸಂಜೆಯವರೆಗೂ ಬಿಡುವಿಲ್ಲದೆ ಕುಟ್ರು ಹಕ್ಕಿ ಕೂಗುತ್ತಿರುತ್ತದೆ, ನಡುನಡುವೆ ಅತ್ತಿ ಮರಕ್ಕೆ ಹಣ್ಣು ಹುಡುಕಿಕೊಂಡು ಬರುವ ಮಂಗಟ್ಟೆಯ ಕರ್ಕಶ ನಗು ಕೇಳಿಸುತ್ತದೆ. ಕಡೂರು ರಸ್ತೆಯ ಕಡೆ ಇರುವ ನನ್ನ ಸಹೋದ್ಯೋಗಿಗಳ ಮನೆಗೆ ಹೋದರೆ ಇದರಲ್ಲಿ ಅರ್ಧದಷ್ಟೂ ಇಲ್ಲ. ಅಲ್ಲಿ ಗೌಜಲಹಕ್ಕಿ, ಟಿಟ್ಟಿಭ, ದೂರದಲ್ಲಿ ನವಿಲು. ಕೋಗಿಲೆ, ಮಡಿವಾಳ ಹಕ್ಕಿ ಮತ್ತು ಪಿಕಳಾರಗಳು ಮಾತ್ರ ಎರಡೂ ಕಡೆಗೆ ಸೇರಿದವು.

ನಮ್ಮ ಮನೆಯ ಎದುರಿನ ಸಿಲ್ವರ್ ಓಕ್ ಮರದ ಒಣಗಿದ ಕೊಂಬೆಯೊಂದರಲ್ಲಿ ಈಗ ಕುಟ್ರು ಜೋಡಿಯೊಂದು ಪೊಟರೆ ಕೊರೆಯುತ್ತಿದೆ. ಮೈ ಎಲೆಯ ಹಸಿರು, ತಲೆ ಕಂದು, ಕಣ್ಣಿನ ಕೆಳಗೆ ಅಗಲವಾದ ಬಿಳಿ ಪಟ್ಟೆ, ಕೊಕ್ಕಿನ ಬುಡದಲ್ಲಿ ಮುಂದಕ್ಕೆ ಚಾಚಿದ ಬಿರುಗೂದಲು. ಒಂದು ಹಕ್ಕಿ ಕುತ್ತಿಗೆಯವರೆಗೆ ತಲೆಯನ್ನು ತೂರಿಸಿ ಒಳಗೆ ಕುಟ್ಟುತ್ತದೆ, ಬಳಿಕ ಕೊಕ್ಕಿನ ತುಂಬ ಮರದ ಪುಡಿಯನ್ನು ಹೊರತಂದು ತಲೆ ಕೊಡವಿ ಚೆಲ್ಲುತ್ತದೆ. ದಣಿದಾಗ ಅದು ಪಕ್ಕಕ್ಕೆ ಸರಿಯುತ್ತದೆ, ಜೊತೆಗಾರ ಹಕ್ಕಿ ಬಂದು ಅದೇ ಕೆಲಸವನ್ನು ಮುಂದುವರಿಸುತ್ತದೆ. ಕೆಳಗೆ ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಬಿಳಿಯ ಹೊಟ್ಟು ಬೀಳುತ್ತಲೇ ಇರುತ್ತದೆ. ಪಶ್ಚಿಮ ಘಟ್ಟ ಮತ್ತು ಅದಕ್ಕೆ ಹೊಂದಿದ ದಕ್ಷಿಣದ ಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಹಕ್ಕಿ ನಮ್ಮಲ್ಲಿ ಬೀದಿಯ ಹಕ್ಕಿಯಾಗಿದೆ.

ಆದರೆ ಮಳೆಗಾಲಕ್ಕೆ ಮುಂಚೆ ಆ ಒಣ ಕೊಂಬೆಯನ್ನು ಕಡಿಸಬೇಕೆಂದು ನಮ್ಮ ನಿವಾಸಿಗಳ ಸಭೆಯಲ್ಲಿ ಮಾತು ಬಂದಿದೆ. ಅದರ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ. ಜೊತೆಗೆ, ನಿಮ್ಮ ನಿಮ್ಮ ಬಡಾವಣೆಯಲ್ಲಿ ಈ ದಿನಗಳಲ್ಲಿ ಏನು ಕಾಣುತ್ತಿದೆ, ಏನು ಕೇಳುತ್ತಿದೆ ಎಂಬುದನ್ನು ಹೊತ್ತು, ಮರ, ಜಾಗದ ಸ್ವರೂಪದೊಂದಿಗೆ ಇಲ್ಲಿ ಬರೆಯಬೇಕೆಂದು ಕೋರುತ್ತೇನೆ. ಗೂಡುಗಳ ನಿಖರ ವಿಳಾಸವನ್ನು, ಅದರಲ್ಲೂ ಗೂಬೆಗಳದ್ದನ್ನು, ದಯವಿಟ್ಟು ಬರೆಯಬೇಡಿ.

ರಾತ್ರಿ ಪಾಳಿಯವನು

ಕೋಗಿಲೆಯ ಬಗ್ಗೆ ಯಾರೂ ದೂರು ಹೇಳುವುದಿಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ. ಪಾಳಿ ಮುಗಿಸಿ ರಾತ್ರಿ 2 ಗಂಟೆಗೆ ಮಲಗುವ ನನಗೆ 4 ಗಂಟೆಗೆ ಕಿಟಕಿಯ ಪಕ್ಕದ ಗುಲ್‌ಮೊಹರ್ ಮರದಲ್ಲಿ ಶುರುವಾಗುವ ಕೂಗು ವಸಂತದ ಸೊಬಗಾಗಿ ಕೇಳಿಸುತ್ತಿಲ್ಲ. ಒಂದೊಂದು ಕೂಗಿಗೂ ಸ್ವರ ಏರುತ್ತಾ ಹೋಗಿ, ಇನ್ನೇನು ಗಂಟಲು ಹರಿಯಿತು ಎನ್ನುವಾಗ ತಟ್ಟನೆ ನಿಲ್ಲುತ್ತದೆ. ಕಣ್ಣು ಮುಚ್ಚುವಷ್ಟರಲ್ಲಿ ಮತ್ತೆ ಮೊದಲಿನಿಂದ. ನಮ್ಮ ಕವಿಗಳು ಯಾರೂ ಕೋಗಿಲೆಯನ್ನು ಮಲಗುವ ಕೋಣೆಯ ಕಿಟಕಿಗೆ ಕಟ್ಟಿಕೊಂಡವರಲ್ಲ ಎಂದು ಕಾಣುತ್ತದೆ. ಇದಕ್ಕೆ ಏನಾದರೂ ಉಪಾಯವಿದೆಯೇ? ಇದು ಎಷ್ಟು ದಿನ ಹೀಗೆ?

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ

ರಾತ್ರಿ ಪಾಳಿಯವರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ ಉಪಾಯವೆಂದರೆ ಕಿವಿಗೆ ಹತ್ತಿ ಇಟ್ಟುಕೊಳ್ಳುವುದೊಂದೇ. ಕೋಗಿಲೆ ಚಳಿಗಾಲದಲ್ಲಿಯೂ ನಿಮ್ಮ ಮರದಲ್ಲಿಯೇ ಇತ್ತು, ಬಾಯಿ ಮುಚ್ಚಿಕೊಂಡಿತ್ತು ಅಷ್ಟೇ. ಅದರ ಪಂಚಾಂಗವನ್ನು ನಿರ್ಧರಿಸುವುದು ಕಾಗೆ. ಕಾಗೆ ಗೂಡು ಕಟ್ಟಲು ತೊಡಗುವ ಹೊತ್ತಿಗೆ ಕೋಗಿಲೆಯ ಗಂಟಲು ಬಿಚ್ಚುತ್ತದೆ. ಕಾಗೆಗಳ ಸಂಸಾರ ಮುಗಿಯುವವರೆಗೆ, ಅಂದರೆ ಮಳೆಗಾಲದ ನಡುವಿನವರೆಗೂ, ಅದು ಪೂರ್ತಿ ನಿಲ್ಲುವುದಿಲ್ಲ.

ಏರುಸ್ವರದಲ್ಲಿ ಕೂಗುವುದು ಮೈಯೆಲ್ಲ ಕಪ್ಪಾದ, ಕೆಂಪು ಕಣ್ಣಿನ ಗಂಡು. ಕಂದು ಮೈಯ ಮೇಲೆ ಬಿಳಿ ಚುಕ್ಕೆಗಳಿರುವ ಹೆಣ್ಣನ್ನು ನೋಡಿ ಬೇರೆ ಯಾವುದೋ ಹಕ್ಕಿಯೆಂದು ಅನೇಕರು ತಿಳಿಯುತ್ತಾರೆ; ಅದರ ಕೂಗು "ಕಿಕ್ ಕಿಕ್ ಕಿಕ್" ಎಂಬ ಚುರುಕಾದ ಕಿರುಚಾಟ. ಬೆಳಗಿನ ಹೊತ್ತು ಎರಡು ಕಾಗೆಗಳು ಒಂದು ಕಪ್ಪು ಹಕ್ಕಿಯನ್ನು ಬೀದಿಯುದ್ದಕ್ಕೂ ಅಟ್ಟಿಕೊಂಡು ಹೋಗುವುದನ್ನು ಕಂಡರೆ, ಆ ಗೂಡಿನ ಮರವನ್ನೊಮ್ಮೆ ನೋಡಿ. ಗಂಡು ಕಾಗೆಗಳ ಗಮನವನ್ನು ತನ್ನತ್ತ ಸೆಳೆದಿರುವಾಗ ಹೆಣ್ಣು ಕಾಗೆಯ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುವುದುಂಟು. ಕೋಗಿಲೆಯ ಮರಿ ಕಾಗೆಯ ಮರಿಗಳಿಗಿಂತ ಮೊದಲೇ ಮೊಟ್ಟೆಯೊಡೆದು ಬಂದು, ತುತ್ತಿನಲ್ಲಿ ಮುಂದಾಳಾಗಿ ಬೆಳೆಯುತ್ತದೆ.

ಹೊಸ ಬಡಾವಣೆಗಳಲ್ಲಿ ಕಾಗೆಯ ಗೂಡನ್ನು ಗಮನಿಸುವುದೇ ಒಂದು ಪಾಠ. ಕಟ್ಟಡದ ಕೆಲಸ ನಡೆಯುವ ಕಡೆ ಬಿದ್ದ ಕಬ್ಬಿಣದ ಸಣ್ಣ ತಂತಿಗಳನ್ನು ಆಯ್ದು ತಂದು, ಕಡ್ಡಿಗಳ ನಡುವೆ ಹೆಣೆದು ಗೂಡು ಕಟ್ಟುತ್ತವೆ. ಕಾಗೆಗೆ ತಂತಿ ಸಿಗುವ ಕಡೆ, ಎಸೆದ ಅನ್ನ ಸಿಗುವ ಕಡೆ, ಕೋಗಿಲೆಯೂ ಹೆಚ್ಚು. ನಿಮ್ಮ ನಿದ್ದೆ ಕೆಡಿಸುತ್ತಿರುವ ಹಕ್ಕಿಯನ್ನು ಸಾಕುತ್ತಿರುವವರು ಒಂದರ್ಥದಲ್ಲಿ ಬಡಾವಣೆಯ ನಾವೆಲ್ಲರೂ.

ಒಣ ಕೊಂಬೆಯ ವಿಷಯ: ಮರಕುಟಿಗದಂತೆ ಗಟ್ಟಿ ಮರವನ್ನು ಕೊರೆಯುವ ಶಕ್ತಿ ಕುಟ್ರುವಿಗಿಲ್ಲ, ಹಾಗಾಗಿ ಸತ್ತು ಮೆತ್ತಗಾದ ಕೊಂಬೆಯೇ ಅದಕ್ಕೆ ಬೇಕು. ಅದು ಬಿಟ್ಟುಹೋದ ಪೊಟರೆಯನ್ನು ಮುಂದೆ ಮಡಿವಾಳ ಹಕ್ಕಿಯೋ ಗೊರವಂಕವೋ ಬಳಸಿಕೊಳ್ಳುತ್ತದೆ. ಕೊಂಬೆ ರಸ್ತೆಯ ಮೇಲೆ ಚಾಚಿದ್ದರೆ ಅಪಾಯ ನಿಜವೇ. ಪೊಟರೆಯ ತುದಿಯಿಂದ ಆಚೆಗಿನ ಉದ್ದವನ್ನು ಮಾತ್ರ ಈಗ ಕತ್ತರಿಸಿ ಭಾರ ಇಳಿಸಬಹುದು, ಪೊಟರೆ ಇರುವ ಬುಡದ ತುಂಡನ್ನು ಮರಿಗಳು ಹಾರಿದ ಮೇಲೆ ನೋಡಿಕೊಳ್ಳಬಹುದು.

ಕಡೂರು ರಸ್ತೆ ಕಡೆಯ ಗೃಹಿಣಿ

ನಮ್ಮ ಮನೆಯ ಪಕ್ಕ ಒಂದು ಖಾಲಿ ನಿವೇಶನವಿದೆ. ಅಲ್ಲಿ ಸುರಿದ ಜಲ್ಲಿಯ ಅಂಚಿನಲ್ಲಿ ಟಿಟ್ಟಿಭ ಮೊಟ್ಟೆ ಇಟ್ಟಿದೆ. ಗೂಡು ಎನ್ನುವಂಥದ್ದು ಏನೂ ಇಲ್ಲ. ನೆಲದಲ್ಲಿ ಸ್ವಲ್ಪ ತಗ್ಗು ಮಾಡಿ, ಸುತ್ತ ಸಣ್ಣ ಕಲ್ಲುಗಳನ್ನು ಜೋಡಿಸಿಕೊಂಡು, ಅದರಲ್ಲಿ ಚೂಪು ತುದಿಗಳನ್ನು ಒಳಮುಖವಾಗಿಟ್ಟು ನಾಲ್ಕು ಮೊಟ್ಟೆಗಳು. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವುದರಿಂದ, ಒಮ್ಮೆ ನೋಡಿ ಕಣ್ಣು ಮಿಟುಕಿಸಿದರೆ ಮತ್ತೆ ಹುಡುಕಬೇಕು. ನಮ್ಮ ಮಹಡಿಯಿಂದ ನೋಡುವುದರಿಂದ ಹಕ್ಕಿಗೆ ನಮ್ಮ ಭಯವಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಅದು ಮೊಟ್ಟೆಗಳ ಮೇಲೆ ಕೂರುವುದಿಲ್ಲ, ಕಾಲು ಅರ್ಧ ಮಡಚಿ ನೆರಳಾಗಿ ನಿಲ್ಲುತ್ತದೆ. ಆಗಾಗ ಮೂಲೆಯ ನಲ್ಲಿಯ ಗುಂಡಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಕೂರುತ್ತದೆ.

ಬೀದಿ ನಾಯಿ ಬಂದರೆ ಎರಡೂ ಹಕ್ಕಿಗಳು ಸೇರಿ ಎಬ್ಬಿಸುವ ಗಲಾಟೆಗೆ ಇಡೀ ಬೀದಿ ಎಚ್ಚರವಾಗುತ್ತದೆ. ಒಂದು ಹಕ್ಕಿ ಮೊಟ್ಟೆಯಿಂದ ದೂರಕ್ಕೆ ಓಡಿ, ಅಲ್ಲಿ ಕುಳಿತಂತೆ ನಟಿಸಿ, ನಾಯಿಯನ್ನು ಅತ್ತ ಎಳೆದುಕೊಂಡು ಹೋಗುತ್ತದೆ. ನಮ್ಮ ಅತ್ತೆಯವರು ಹಳೆಯ ಕಾಲದವರು, ರಾತ್ರಿ ಟಿಟ್ಟಿಭ ಕೂಗಿದರೆ ಒಳ್ಳೆಯದಲ್ಲ ಎನ್ನುತ್ತಿದ್ದರು. ಈಗ ಅವರೇ ಮಹಡಿಯಲ್ಲಿ ಕುರ್ಚಿ ಹಾಕಿಕೊಂಡು ನಾಯಿಗಳಿಗೆ ಕಾವಲು ಕೂತಿದ್ದಾರೆ.

ನನ್ನ ಆತಂಕ ಬೇರೆ. ಈ ನಿವೇಶನದಲ್ಲಿ ಕೆಲಸ ಶುರುವಾಗಲಿದೆಯೆಂದು ಕೇಳಿದ್ದೇನೆ.

ನಿವೇಶನದ ಮಾಲೀಕ

ಮೇಲೆ ಬರೆದಿರುವುದು ನಮ್ಮ ನಿವೇಶನದ ಬಗ್ಗೆಯೇ ಎಂದು ಕಾಣುತ್ತದೆ, ಆದ್ದರಿಂದ ಉತ್ತರಿಸುವುದು ನನ್ನ ಕರ್ತವ್ಯ. ಗುದ್ದಲಿ ಪೂಜೆಯನ್ನು ಅಕ್ಷಯ ತೃತೀಯಕ್ಕೆ ಇಟ್ಟುಕೊಂಡಿದ್ದೇವೆ, ಅದಕ್ಕೆ ಮುಂಚೆ ಜೆಸಿಬಿ ತರಿಸಿ ಗಿಡಗಂಟಿ ತೆಗೆಸಬೇಕಾಗಿದೆ. ಮನೆ ಸಾಲದ ಕಂತು ಶುರುವಾಗಿರುವವನಿಗೆ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಹಕ್ಕಿಪ್ರಿಯರು ಅರ್ಥ ಮಾಡಿಕೊಳ್ಳಬೇಕು. ಆದರೂ ಮೊಟ್ಟೆಗಳ ಮೇಲೆ ಯಂತ್ರ ಹರಿಸುವ ಮನಸ್ಸು ನನಗಿಲ್ಲ. ಅವನ್ನು ಎತ್ತಿ ಪಕ್ಕದ ಹೊಲದಲ್ಲಿ ಇಡಬಹುದೇ? ಎಷ್ಟು ದಿನ ಕಾಯಬೇಕು?

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ

ಮಾಲೀಕರೇ, ನೀವು ಕೇಳಿದ್ದೇ ದೊಡ್ಡ ವಿಷಯ. ಮೊಟ್ಟೆಗಳನ್ನು ಎತ್ತಿ ಬೇರೆಡೆ ಇಡಬೇಡಿ. ಹಕ್ಕಿ ಹುಡುಕುವುದು ತಾನು ಆರಿಸಿಕೊಂಡ ಜಾಗವನ್ನು, ಹೊಲದಲ್ಲಿ ಇಟ್ಟ ಮೊಟ್ಟೆಗಳನ್ನು ಅದು ತನ್ನವೆಂದು ಗುರುತಿಸುತ್ತದೆ ಎಂಬ ಭರವಸೆ ಇಲ್ಲ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಹಾಳು ಮಾಡುವುದು ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ.

ಟಿಟ್ಟಿಭದ ಮೊಟ್ಟೆಗೆ ಸುಮಾರು ನಾಲ್ಕು ವಾರದ ಕಾವು ಬೇಕು. ಸಮಾಧಾನದ ಸಂಗತಿಯೆಂದರೆ, ಮೊಟ್ಟೆಯಿಂದ ಹೊರಬಂದ ಮರಿಗಳು ಗೂಡಿನಲ್ಲಿ ಬಾಯಿ ತೆರೆದು ಕೂರುವ ಜಾತಿಯವಲ್ಲ. ಮೈ ಒಣಗಿದ ಸ್ವಲ್ಪ ಹೊತ್ತಿಗೆಲ್ಲ ಕಾಲ ಮೇಲೆ ನಿಂತು, ತಾಯಿ ತಂದೆಯರ ಹಿಂದೆ ನಡೆದುಹೋಗುತ್ತವೆ. ಮೊಟ್ಟೆಗಳು ಈಗಾಗಲೇ ಕೆಲವು ದಿನಗಳಿಂದ ಅಲ್ಲಿದ್ದರೆ ನೀವು ಕಾಯಬೇಕಾದ ಅವಧಿ ಇನ್ನೂ ಕಡಿಮೆ. ಅಲ್ಲಿಯವರೆಗೆ ಗೂಡಿನ ಸುತ್ತ ಹತ್ತು ಹೆಜ್ಜೆ ಬಿಟ್ಟು ಸುಣ್ಣದ ಗೆರೆ ಎಳೆಸಿ, ಜೆಸಿಬಿ ಚಾಲಕನಿಗೆ ನೀವೇ ನಿಂತು ತೋರಿಸಿ. ಕಡ್ಡಿ ನೆಟ್ಟು ಕೆಂಪು ಬಟ್ಟೆ ಕಟ್ಟಿದರೆ ಕಾಗೆಗಳಿಗೂ ಕುತೂಹಲದ ಹುಡುಗರಿಗೂ ವಿಳಾಸ ಬರೆದುಕೊಟ್ಟಂತಾಗುತ್ತದೆ, ಅದು ಬೇಡ.

ಈ ಸಂದರ್ಭದಲ್ಲಿ ಎಲ್ಲರಿಗೂ ಒಂದು ಮಾತು. ಯುಗಾದಿಯ ಸ್ವಚ್ಛತೆಯ ಹೆಸರಿನಲ್ಲಿ ಖಾಲಿ ನಿವೇಶನಗಳ ಒಣಹುಲ್ಲಿಗೆ ಬೆಂಕಿ ಇಡುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಗೌಜಲಹಕ್ಕಿಯೂ ಟಿಟ್ಟಿಭವೂ ನೆಲದಲ್ಲಿಯೇ ಮೊಟ್ಟೆ ಇಡುವ ಹಕ್ಕಿಗಳು. ಗುಂಡಿಗಳಲ್ಲಿ ತಂಪಿಗೆ ಅಡಗಿದ ಹಾವುಗಳು ಬೆಂಕಿಯಿಂದ ತಪ್ಪಿಸಿಕೊಂಡು ನೇರವಾಗಿ ಬರುವುದು ಪಕ್ಕದ ಮನೆಯ ಅಂಗಳಕ್ಕೆ. ಹುಲ್ಲನ್ನು ಕತ್ತಿಯಿಂದ ಸವರಿಸಿದರೆ ಕೆಲಸವೂ ಆಗುತ್ತದೆ, ಈ ತೊಂದರೆಯೂ ತಪ್ಪುತ್ತದೆ.

ಕಾಲೇಜು ವಿದ್ಯಾರ್ಥಿನಿ

ಹಾವಿನ ಮಾತು ಬಂದಿದ್ದರಿಂದ ಕೇಳುತ್ತಿದ್ದೇನೆ. ನಮ್ಮ ಬಡಾವಣೆಯ ಚರಂಡಿಯ ಪಕ್ಕದ ಬಯಲಿನಲ್ಲಿ ಎರಡು ಉದ್ದನೆಯ ಹಾವುಗಳು ಒಂದಕ್ಕೊಂದು ಹೆಣೆದುಕೊಂಡು, ಮೈಯ ಮುಂಭಾಗವನ್ನು ನೆಲದಿಂದ ಮೇಲಕ್ಕೆತ್ತಿ ಬಹಳ ಹೊತ್ತು ಆಡುತ್ತಿದ್ದವು. ಸೇರಿದ್ದ ಜನರಲ್ಲಿ ಕೆಲವರು ಇದು ನಾಗರಹಾವು ಮತ್ತು ಕೇರೆ ಹಾವಿನ ಮಿಲನವೆಂದರು, ಒಬ್ಬರು ಹೊಸ ಟವೆಲ್ ತಂದು ಅವುಗಳ ಮೇಲೆ ಹಾಕಲು ಹೊರಟರು. ಅದು ಶುಭವೆಂದು ನಂಬಿಕೆಯಂತೆ. ನಿಜವಾಗಿ ಅಲ್ಲಿ ನಡೆಯುತ್ತಿದ್ದದ್ದು ಏನು?

ಹಾವುಗಳ ಬಗ್ಗೆ ಆಸಕ್ತ

ಸಹೋದರಿ, ನೀವು ನೋಡಿದ್ದು ಎರಡೂ ಗಂಡು ಕೇರೆ ಹಾವುಗಳು. ಅದು ಕುಸ್ತಿ. ಹೆಣ್ಣಿಗಾಗಿ ಪೈಪೋಟಿ ನಡೆಸುವ ಗಂಡುಗಳು ಹೀಗೆ ಮೈ ಹೆಣೆದುಕೊಂಡು, ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತಲು ಹೆಣಗುತ್ತವೆ, ಸೋತದ್ದು ಸರಿದು ಹೋಗುತ್ತದೆ. ಕೇರೆಯ ನಿಜವಾದ ಮಿಲನದಲ್ಲಿ ಇಷ್ಟು ಎತ್ತರಕ್ಕೆ ಏಳುವ ಆರ್ಭಟವಿರುವುದಿಲ್ಲ. ನಾಗರಹಾವು ಮತ್ತು ಕೇರೆ ಬೇರೆ ಬೇರೆ ಜಾತಿಗಳು, ಅವುಗಳ ನಡುವೆ ಕೂಡಿಕೆ ನಡೆಯುವುದಿಲ್ಲ. ಕೇರೆಗೆ ವಿಷವಿಲ್ಲ, ಬಡಾವಣೆಯ ಇಲಿಗಳ ಲೆಕ್ಕವನ್ನು ಅದರಷ್ಟು ಚೊಕ್ಕಟವಾಗಿ ಇಡುವವರು ಬೇರಾರೂ ಇಲ್ಲ.

ಮನೆಯೊಳಗೆ ಹಾವು ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಟವೆಲ್ ಹಾಕಲು ಹೋಗುವವರು ತಾವು ನೋಡುತ್ತಿರುವುದು ಕೇರೆಯೋ ಕೊಳಕುಮಂಡಲವೋ ಎಂಬುದನ್ನು ಬಲ್ಲವರಾಗಿರುವುದಿಲ್ಲ ಎಂಬುದೇ ನನ್ನ ಹೆದರಿಕೆ.

ಕೈಮರದ ಆಚೆಯ ಬೆಳೆಗಾರ

ನಿಮ್ಮ ಬಡಾವಣೆಗಳ ಚೈತ್ರಕ್ಕೂ ನಮ್ಮ ತೋಟಗಳ ಹೂಮಳೆಗೂ ಇರುವ ನಂಟಿನ ಬಗ್ಗೆ ಯಾರೂ ಬರೆಯಲಿಲ್ಲ. ಈ ವಾರ ನಮ್ಮಲ್ಲಿ 80 ಸೆಂಟ್ ಮಳೆ ಬಿದ್ದಿದೆ. ಪೇಟೆಯವರಿಗಾಗಿ ಹೇಳುವುದಾದರೆ, ನಾವು ಬೆಳೆಗಾರರು ಇಂದಿಗೂ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಅಳೆಯುತ್ತೇವೆ, 100 ಸೆಂಟ್ ಸೇರಿದರೆ ಒಂದು ಇಂಚು. ಮಳೆ ಬಿದ್ದ ಒಂಬತ್ತು ಹತ್ತು ದಿನಕ್ಕೆ ಗಿಡದ ತುಂಬ ಹೂವು ಅರಳುತ್ತದೆ, ಮೂರು ನಾಲ್ಕು ದಿನ ಮಲ್ಲಿಗೆಯಂಥ ಪರಿಮಳ ಗಾಳಿಯಲ್ಲಿ ನಿಮ್ಮ ಮನೆಯವರೆಗೂ ಬರುತ್ತದೆ, ಆಮೇಲೆ ಕಂದಿಹೋಗುತ್ತದೆ.

ಆ ಮೂರು ನಾಲ್ಕು ದಿನ ತೋಟದೊಳಗೆ ಕೇಳುವುದು ಜೇನಿನ ಸದ್ದು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ಆದರೆ ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಗಾಳಿಯ ಜೊತೆಗೆ ಆ ಕೆಲಸ ಮಾಡುವವು ಹೆಜ್ಜೇನು, ತುಡುವೆ, ಕೋಲುಜೇನುಗಳು. ಹೂವಿನ ದಿನಗಳಲ್ಲಿ ಔಷಧಿ ಸಿಂಪಡಿಸಬಾರದೆಂದು ನಾವು ಆಳುಗಳಿಗೆ ಕಟ್ಟಪ್ಪಣೆ ಮಾಡುವುದು ಅದಕ್ಕಾಗಿಯೇ. ಹೂವು ಮುಗಿದ ಮೇಲೆ ಅವೇ ಜೇನು ನಿಮ್ಮ ಬೀದಿಯ ಹೊಂಗೆಗೆ, ಸಿಲ್ವರ್ ಓಕಿನ ಹೊಂಬಣ್ಣದ ಹೂವಿಗೆ ಬರುತ್ತವೆ.

ಅಪಾರ್ಟ್‌ಮೆಂಟ್ ಸಮಿತಿಯ ಸದಸ್ಯ

ಬೆಳೆಗಾರರ ಮಾತು ಸರಿ, ಆದರೆ ನಮ್ಮ ಕಟ್ಟಡದ ನೀರಿನ ತೊಟ್ಟಿಯ ಅಡಿಯಲ್ಲಿ ಕಟ್ಟಿರುವ ಹೆಜ್ಜೇನಿನ ಹುಟ್ಟು ಒಂದು ಮೀಟರಿನಷ್ಟು ಅಗಲವಾಗಿದೆ. ಮೂರನೆಯ ಮಹಡಿಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಕೀಟನಾಶಕ ಹೊಡೆಯುವವರನ್ನು ಕರೆಸಬೇಕೆಂದು ಬಹುಮತದ ಒತ್ತಾಯವಿದೆ. ಪರಾಗಸ್ಪರ್ಶದ ಪಾಠವನ್ನು ಮಕ್ಕಳ ತಾಯಂದಿರಿಗೆ ನಾನು ಹೇಗೆ ಹೇಳಲಿ?

ಕೈಮರದ ಆಚೆಯ ಬೆಳೆಗಾರ

ಸರ್, ಪಾಠ ಹೇಳಬೇಡಿ, ತಾರಸಿಯ ಬಾಗಿಲಿಗೆ ಬೀಗ ಹಾಕಿಸಿ. ಹೆಜ್ಜೇನು ತಾನಾಗಿ ಬಂದು ಯಾರನ್ನೂ ಕಚ್ಚುವುದಿಲ್ಲ. ಹೊಗೆ, ಕಲ್ಲು, ಹದ್ದಿನ ಎರಗಾಟ, ಇವುಗಳಿಂದ ಕೆರಳುತ್ತದೆ. ಒಂದು ನೊಣ ಚುಚ್ಚಿದ ಜಾಗದಲ್ಲಿ ಉಳಿಯುವ ವಾಸನೆಯೇ ಉಳಿದವುಗಳಿಗೆ ಗುರಿ ತೋರಿಸುತ್ತದೆ, ಅದಕ್ಕೇ ಒಂದು ಕಚ್ಚಿದ ಮೇಲೆ ನೂರು ಬೆನ್ನಟ್ಟುತ್ತವೆ. ಹಗಲಿನಲ್ಲಿ ಔಷಧಿ ಹೊಡೆದರೆ ಸಾಯದೆ ಉಳಿದ ಸಾವಿರಾರು ನೊಣಗಳು ನಿಮ್ಮ ಮೂರನೆಯ ಮಹಡಿಗೇ ಇಳಿಯುತ್ತವೆ.

ರಾತ್ರಿ ತಾರಸಿಯ ದೀಪ ಆರಿಸಿ. ಹೆಜ್ಜೇನು ಬೆಳದಿಂಗಳಲ್ಲಿಯೂ ಹಾರಾಡುವ ಜಾತಿ, ದೀಪವಿದ್ದರೆ ಅದಕ್ಕೆ ಮುತ್ತಿಕೊಂಡು ಬೆಳಗಾಗುವುದರೊಳಗೆ ಬಾಲ್ಕನಿಯಲ್ಲಿ ಸತ್ತು ಬಿದ್ದಿರುತ್ತದೆ. ಮಕ್ಕಳ ಕಾಲಿಗೆ ಚುಚ್ಚುವುದು ಹೀಗೆ ಬಿದ್ದ ಅರೆಜೀವದ ನೊಣಗಳೇ ಹೆಚ್ಚು. ಹೂವಿನ ಕಾಲ ಮುಗಿದರೆ ಅವು ಹುಟ್ಟನ್ನು ಬಿಟ್ಟು ಬೇರೆಡೆಗೆ ವಲಸೆ ಹೋಗುತ್ತವೆ. ಅಷ್ಟು ದಿನ ತಡೆಯಲಾಗದಿದ್ದರೆ ಹುಟ್ಟನ್ನು ಸಾಯಿಸದೆ ತೆಗೆಯುವ ಅನುಭವಿಗಳನ್ನು ಸಂಜೆಯ ಮೇಲೆ ಕರೆಸಿ. ಆದರೆ ಅಲರ್ಜಿ ಇರುವವರು ಮನೆಯಲ್ಲಿದ್ದರೆ ನಾನು ನಿಮ್ಮ ಮೇಲೆ ಒತ್ತಾಯ ಹೇರುವುದಿಲ್ಲ, ಅದು ನಿಜವಾಗಿ ಪ್ರಾಣದ ಪ್ರಶ್ನೆ.

ಹಾಸನದಿಂದ

ಚಿಕ್ಕಮಗಳೂರಿನವರಿಗೆ ಮಾತ್ರ ಎರಡು ಸೀಮೆಗಳಿವೆ ಎಂಬಂತೆ ಬರೆದಿದ್ದೀರಿ. ಹಾಸನವೂ ಅಂಥದ್ದೇ ಊರು: ಸಕಲೇಶಪುರದ ದಾರಿಯಲ್ಲಿ ಮಲೆನಾಡು, ಅರಸೀಕೆರೆಯ ದಾರಿಯಲ್ಲಿ ಒಣಸೀಮೆ. ಊರಿನ ಅಂಚಿನ ನಮ್ಮ ಹೊಸ ಬಡಾವಣೆಯಲ್ಲಿ ಬೀದಿದೀಪದ ಕಂಬದ ಮೇಲೆ ಹಾಲಕ್ಕಿ ಜೋಡಿ ಕೂರುತ್ತದೆ. ಮುಸ್ಸಂಜೆಗೆ ಅವೆರಡೂ ಸೇರಿ ಕಚಪಿಚ ಜಗಳದಂತೆ ಶುರುಮಾಡುತ್ತವೆ. ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ದೀಪಕ್ಕೆ ಮುತ್ತಿದಾಗ ಹಾಲಕ್ಕಿ, ಕಾಜಾಣ, ಬಾವಲಿ, ಕೆಳಗೆ ಕಪ್ಪೆ, ಎಲ್ಲಕ್ಕೂ ಒಂದೇ ಕಂಬದ ಕೆಳಗೆ ಊಟ. ಗೂಬೆಯ ಜಾತಿಯೆಂದು ಕಲ್ಲು ಹೊಡೆಯುವ ಹುಡುಗರಿಗೆ ಹಾಲಕ್ಕಿ ನುಡಿಯುವುದು ನಮ್ಮ ಜನಪದರಲ್ಲಿ ಶಕುನವೆಂದು ಹೇಳಿ ನೋಡಿದೆ. ಈಗ ಕಲ್ಲು ನಿಂತಿದೆ, ಶಕುನ ಕೇಳುವವರು ಹೆಚ್ಚಾಗಿದ್ದಾರೆ.

ಇನ್ನೊಂದು ಪ್ರಶ್ನೆ. ನಮ್ಮ ಕಾರಿನ ಕನ್ನಡಿಯನ್ನು ಮಡಿವಾಳ ಹಕ್ಕಿಯೊಂದು ದಿನವೂ ಕುಕ್ಕುತ್ತಿದೆ. ಕನ್ನಡಿಯ ಕೆಳಗೆಲ್ಲ ಹಿಕ್ಕೆಯ ಗೆರೆ.

ಕೈಮರ ರಸ್ತೆಯ ನಿವಾಸಿ

ಹಾಸನದವರೇ, ಅದು ಗಂಡು. ಕನ್ನಡಿಯಲ್ಲಿ ಕಾಣುವ ತನ್ನ ಬಿಂಬವನ್ನು ತನ್ನ ಸರಹದ್ದಿಗೆ ನುಗ್ಗಿದ ಇನ್ನೊಂದು ಗಂಡೆಂದು ತಿಳಿದು ಕಾದಾಡುತ್ತಿದೆ. ಸೂರಕ್ಕಿ ಮತ್ತು ಪಿಕಳಾರಗಳೂ ಈ ತಿಂಗಳುಗಳಲ್ಲಿ ಹೀಗೆ ಮಾಡುತ್ತವೆ. ಕನ್ನಡಿಗೆ ಬಟ್ಟೆಯ ಚೀಲ ತೊಡಿಸಿದರೆ ಅದಕ್ಕೂ ಬಿಡುವು, ನಿಮಗೂ ಬಿಡುವು.

ಹಳೆ ಹೆಂಚಿನ ಮನೆಯವರು

ರಾತ್ರಿ ಅಟ್ಟದ ಮೇಲೆ ಯಾರೋ ನಡೆದಾಡಿದ ಸದ್ದು ಕೇಳಿ ಮನೆಯವರೆಲ್ಲ ಗಾಬರಿಯಾಗಿದ್ದೆವು. ಹೆಂಚಿನ ಸಂದಿಯಿಂದ ಇಳಿದು ಹೋಗುವ ಉದ್ದ ಬಾಲದ, ಕಪ್ಪು ಮುಖದ ಕಬ್ಬೆಕ್ಕನ್ನು ನೋಡಿದ ಮೇಲೆ ಗಾಬರಿ ಹೋಯಿತು. ಪಕ್ಕದ ಮನೆಯ ತಾರಸಿಯ ಒಂದೇ ಮೂಲೆಯಲ್ಲಿ ಬಗನಿ ಮತ್ತು ಸಪೋಟದ ಬೀಜಗಳೇ ತುಂಬಿದ ಹಿಕ್ಕೆ ಬಿದ್ದಿರುತ್ತದೆ, ಅದು ಇದರದ್ದೇ. ಒಳಗೆ ಮರಿಗಳ ಸಣ್ಣ ಕುಂಯ್‌ಗುಟ್ಟುವಿಕೆ ಕೇಳುತ್ತಿರುವುದರಿಂದ ಹೆಂಚಿನ ಸಂದಿಯನ್ನು ಈಗ ಮುಚ್ಚಿಸುತ್ತಿಲ್ಲ. ಮರಿಗಳು ಹೊರಬಿದ್ದ ಮೇಲೆ, ಅಮ್ಮ ಆಹಾರಕ್ಕೆ ಹೋದ ರಾತ್ರಿ ನೋಡಿಕೊಂಡು ಮುಚ್ಚಿಸುವುದೆಂದು ತೀರ್ಮಾನಿಸಿದ್ದೇವೆ. ಮರಿಗಳು ಒಳಗಿದ್ದಾಗ ಮುಚ್ಚಿಸಿದರೆ ಆಮೇಲಿನ ವಾಸನೆಯನ್ನೂ ನಾವೇ ಅನುಭವಿಸಬೇಕಾಗುತ್ತದೆ.

ಕಾಲೇಜು ವಿದ್ಯಾರ್ಥಿನಿ

ಹಕ್ಕಿಯ ಕೂಗಿನಿಂದ ಹೆಸರು ಹೇಳುವ ಮೆರ್ಲಿನ್ ಎಂಬ ಉಚಿತ ಆ್ಯಪ್ ಇದೆ, ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಪ್ರಯೋಗಾಲಯದವರು ರೂಪಿಸಿದ್ದು. ಹೊಸಬರಿಗೆ ಬಹಳ ಉಪಯೋಗ. ನಮ್ಮ ಹಾಸ್ಟೆಲಿನ ಹಿಂದೆ "ಟುಕ್ ಟುಕ್" ಎಂದು ದಿನವಿಡೀ ಕೇಳುತ್ತಿದ್ದದ್ದನ್ನು ಪಂಪಿನ ಸದ್ದೆಂದು ತಿಳಿದಿದ್ದವರಿಗೆ ಅದು ಕಂಚುಗಾರ ಹಕ್ಕಿಯೆಂದು ತೋರಿಸಿಕೊಟ್ಟದ್ದು ಇದೇ ಆ್ಯಪ್.

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ

ಆ್ಯಪ್ ಒಳ್ಳೆಯದೇ, ಎರಡು ಎಚ್ಚರಗಳೊಂದಿಗೆ. ತೋಟದ ಕಡೆಯ ಭೀಮರಾಜ ಹತ್ತಾರು ಹಕ್ಕಿಗಳ ಕೂಗನ್ನು ಅಣಕಿಸುತ್ತದೆ, ಹಾಗಾಗಿ ಪರದೆಯ ಮೇಲೆ ಬಂದ ಹೆಸರನ್ನು ಕಣ್ಣಿನಿಂದ ದೃಢಪಡಿಸಿಕೊಳ್ಳಬೇಕು. ಎರಡನೆಯದಾಗಿ, ಮೊಬೈಲಿನಿಂದ ಕೂಗನ್ನು ನುಡಿಸಿ ಹಕ್ಕಿಯನ್ನು ಹತ್ತಿರಕ್ಕೆ ಕರೆಯುವ ಚಟ ಈ ಕಾಲದಲ್ಲಿ ಬೇಡವೇ ಬೇಡ. ಮೊಟ್ಟೆ ಬಿಟ್ಟು ಇಲ್ಲದ ಎದುರಾಳಿಯನ್ನು ಹುಡುಕಿ ಅಲೆಯುವಂತೆ ಮಾಡಿದರೆ ಆ ಹೊತ್ತಿನಲ್ಲಿ ಕಾಗೆ ಗೂಡಿಗೆ ಬರುತ್ತದೆ.

ಕಂಚುಗಾರ ಹಕ್ಕಿಯ ಸದ್ದು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಬಂದಂತೆ ತೋರುವುದನ್ನು ನೀವೂ ಗಮನಿಸಿರುತ್ತೀರಿ. ಅದು ಕೂಗುವಾಗ ಕೊಕ್ಕು ಮುಚ್ಚಿಯೇ ಇರುತ್ತದೆ, ಗಂಟಲು ಉಬ್ಬಿ ತಗ್ಗುತ್ತದೆ, ತಲೆ ಮಾತ್ರ ಆಚೀಚೆ ತಿರುಗುತ್ತದೆ. ಹಕ್ಕಿ ಒಂದೇ, ಕೊಂಬೆಯೂ ಒಂದೇ.

ಚಳಿಗಾಲಕ್ಕೆ ಬಂದಿದ್ದ ನೆಂಟರು ಹೊರಡುವ ಸಮಯವೂ ಇದೇ ಎಂಬುದನ್ನು ಸೇರಿಸಬೇಕು. ಬೂದು ಸಿಪಿಲೆ, ಕವಲುತೋಕೆ, ಹಸಿರು ಉಲಿಯಕ್ಕಿಗಳು ಏಪ್ರಿಲ್ ಕಳೆಯುವುದರೊಳಗೆ ಉತ್ತರಕ್ಕೆ ಹೋಗಿರುತ್ತವೆ. ಬಿದಿರುಮೆಳೆಯ ನೆಲದಲ್ಲಿ ಎಲೆ ಕೆದಕುತ್ತಿದ್ದ ನವರಂಗ ಹಕ್ಕಿಯ ಎರಡು ಸ್ವರದ ಸಿಳ್ಳು ಮುಂಜಾನೆ, ಮುಸ್ಸಂಜೆ ಇನ್ನೂ ಕೆಲವು ದಿನ ಕೇಳಬಹುದು.

ನಿವೇಶನದ ಮಾಲೀಕ

ಪೂಜೆಯನ್ನು ಅದೇ ದಿನ ನಿವೇಶನದ ಇನ್ನೊಂದು ಮೂಲೆಯಲ್ಲಿ ಮಾಡಿ ಮುಗಿಸಿದೆವು. ಜೆಸಿಬಿ ಚಾಲಕನಿಗೆ ಸುಣ್ಣದ ಗೆರೆ ತೋರಿಸಿದಾಗ, ತಮ್ಮೂರಿನ ಹೊಲದಲ್ಲಿ ಉಳುವಾಗಲೂ ಟಿಟ್ಟಿಭದ ಮೊಟ್ಟೆ ಬಿಟ್ಟು ಸುತ್ತಿಕೊಂಡು ಹೋಗುತ್ತಾರೆಂದು ಅವನೇ ಹೇಳಿದ. ನಾಲ್ಕರಲ್ಲಿ ಮೂರು ಮೊಟ್ಟೆ ಒಡೆದಿವೆ, ಒಂದು ಹಾಗೆಯೇ ಉಳಿದಿದೆ. ಮರಿಗಳು ಮರುದಿನವೇ ಜಲ್ಲಿಯ ಬಳಿ ಇರಲಿಲ್ಲ. ಪಾಯದ ಕೆಲಸ ಸೋಮವಾರ ಶುರು.

ಕಡೂರು ರಸ್ತೆ ಕಡೆಯ ಗೃಹಿಣಿ

ಮರಿಗಳು ಈಗ ರಸ್ತೆಯಾಚೆಯ ಮಾವಿನ ತೋಪಿನ ಅಂಚಿನಲ್ಲಿವೆ, ನಿನ್ನೆ ಎರಡು ಕಂಡವು. ಮೂರನೆಯದು ಬೆಕ್ಕಿನ ಪಾಲಾಯಿತೋ, ಹುಲ್ಲಿನಲ್ಲಿ ಅಡಗಿತ್ತೋ ಹೇಳಲಾರೆ. ತಾಯಿ ಎಚ್ಚರಿಕೆಯ ಕೂಗು ಕೊಟ್ಟ ಕೂಡಲೇ ಅವು ನೆಲಕ್ಕಂಟಿಕೊಂಡುಬಿಡುತ್ತವೆ, ಮಹಡಿಯಿಂದ ನೋಡಿದರೆ ಮಣ್ಣಿನ ಹೆಂಟೆಯಲ್ಲದೆ ಬೇರೇನೂ ಕಾಣುವುದಿಲ್ಲ. ಮಾಲೀಕರಿಗೆ ನಮ್ಮ ಅತ್ತೆಯವರ ಕಡೆಯಿಂದಲೂ ಧನ್ಯವಾದ.

ಕೈಮರ ರಸ್ತೆಯ ನಿವಾಸಿ

ನಮ್ಮ ಸಭೆಯ ತೀರ್ಮಾನವನ್ನೂ ತಿಳಿಸಿಬಿಡುತ್ತೇನೆ. ರಸ್ತೆಯ ಕಡೆ ಚಾಚಿದ್ದ ಕೊಂಬೆಯ ತುದಿಯನ್ನು ಉಪನ್ಯಾಸಕರು ಹೇಳಿದಂತೆಯೇ ಕತ್ತರಿಸಲು ಒಪ್ಪಿದ್ದಾರೆ, ಪೊಟರೆಯಿರುವ ತುಂಡನ್ನು ಮಳೆಗಾಲ ಹಿಡಿಯುವವರೆಗೆ ಮುಟ್ಟುವುದಿಲ್ಲ. ಜೂನ್ ಮೊದಲ ವಾರಕ್ಕೆ ಮತ್ತೆ ನೋಡುವುದೆಂದು ನಡಾವಳಿಯಲ್ಲಿ ಬರೆದಿದ್ದಾರೆ. ಇಬ್ಬರು ಸದಸ್ಯರು ಇದಕ್ಕೆ ಒಪ್ಪಿಲ್ಲ, ಆ ಮರದ ಕೆಳಗೆ ವಾಹನ ನಿಲ್ಲಿಸದಂತೆ ಫಲಕ ಹಾಕಬೇಕೆಂದು ಅವರು ಕೇಳಿದ್ದು ನ್ಯಾಯವೇ. ಕತ್ತರಿಸಿದ ತುದಿಯ ತುಂಡನ್ನು ಸೌದೆಗೆ ಕೊಡದೆ ಇಟ್ಟುಕೊಂಡಿದ್ದೇನೆ. ಅದನ್ನು ಹಿತ್ತಲಿನ ಗಟ್ಟಿ ಮರಕ್ಕೆ ನೇರವಾಗಿ ಕಟ್ಟಿದರೆ ಮುಂದಿನ ವರ್ಷ ಕುಟ್ರು ಅದನ್ನು ಒಪ್ಪಬಹುದೇ?

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ

ಪ್ರಯತ್ನಿಸಲು ಅಡ್ಡಿಯಿಲ್ಲ. ತುಂಡು ತೊಡೆಯಷ್ಟಾದರೂ ದಪ್ಪವಿರಲಿ, ಆಳೆತ್ತರಕ್ಕಿಂತ ಸಾಕಷ್ಟು ಮೇಲೆ, ಬೆಕ್ಕು ಹತ್ತಲಾಗದ ಕಡೆ ಕಟ್ಟಿ. ಬಣ್ಣ, ಎಣ್ಣೆ, ಗೆದ್ದಲಿನ ಔಷಧಿ ಯಾವುದನ್ನೂ ಹಚ್ಚಬೇಡಿ, ಮಳೆಗೆ ನೆನೆದು ಮೆತ್ತಗಾಗುವುದೇ ಅದರ ಯೋಗ್ಯತೆ. ತಂತಿಯಿಂದ ಬಿಗಿಯಬೇಡಿ, ತೆಂಗಿನ ಹಗ್ಗ ಬಳಸಿ, ಇಲ್ಲದಿದ್ದರೆ ಜೀವಂತ ಮರದ ತೊಗಟೆ ಕೊರೆದುಹೋಗುತ್ತದೆ. ಡಿಸೆಂಬರ್ ಹೊತ್ತಿಗೆ ಕುಟ್ರುಗಳು ಜಾಗ ಹುಡುಕಲು ತೊಡಗುತ್ತವೆ, ಅಷ್ಟರೊಳಗೆ ಕಟ್ಟಿದ್ದರೆ ಸಾಕು.

ರಾತ್ರಿ ಪಾಳಿಯವನು

ನನ್ನ ಪಾಳಿ ಬದಲಾಗಿದೆ. ಈಗ ಬೆಳಿಗ್ಗೆ 5 ಗಂಟೆಗೆ ಏಳಬೇಕು, ಅಲಾರಂ ಇಟ್ಟಿಲ್ಲ.